ಒಡೆಯನ ಹೂಂ

ಚಿನ್ನಪ್ಪನವರ ಮೂವತ್ತನಾಲ್ಕು ವರ್ಷದ ಸಂಸಾರ ನಿಂತಿದ್ದದ್ದು ‘ಹೂಂ’ ಎಂಬ ಒಂದೇ ಪದದ ಮೇಲೆ. ಅದನ್ನು ಪದ ಎನ್ನಬಹುದೋ ಇಲ್ಲವೋ ವ್ಯಾಕರಣ ಬಲ್ಲವರು ಹೇಳಬೇಕು. ಅದಕ್ಕೆ ಬಾಯಿ ತೆರೆಯುವ ಅಗತ್ಯವಿಲ್ಲ, ಪೇಪರಿನಿಂದ ಕಣ್ಣು ಕೀಳುವ ಅಗತ್ಯವಿಲ್ಲ, ಎದುರಿನವರು ಏನು ಹೇಳಿದರೆಂದು ಕೇಳಿಸಿಕೊಳ್ಳುವ ಅಗತ್ಯವಂತೂ ಇಲ್ಲವೇ ಇಲ್ಲ. ಮಗಳ ಮದುವೆ, ಸುದ್ದಗುಂಟೆಪಾಳ್ಯದ ಮೂರಂತಸ್ತಿನ ಮನೆ, ತಮ್ಮದೇ ಮೂಲವ್ಯಾಧಿಯ ಆಪರೇಷನ್ನು, ಇವಕ್ಕೆಲ್ಲ ತಾವು ಒಪ್ಪಿಗೆ ಕೊಟ್ಟಿದ್ದು ಅವರಿಗೆ ಆಮೇಲೆ, ಬೇರೆಯವರಿಂದ ತಿಳಿದುಬಂದಿತ್ತು.

ಇಂಥ ನಂಬಿಗಸ್ತ ಹೂಂ ಆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅವರಿಗೇ ತಿರುಗಿಬಿತ್ತು.

ದಿನದ ಪದ್ಧತಿ ಹೀಗೆ: ಹೆಂಡತಿ ಈಶ್ವರಮ್ಮ ಕೆಳಗೆ ಮೋಟರ್ ಹಾಕುತ್ತಾರೆ. ಚಿನ್ನಪ್ಪ ಟೆರೇಸಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಾರೆ. ಕೆಳಗಿನಿಂದ “ರೀ, ತುಂಬ್ತಾ?” ಎಂಬ ಕೂಗು ಬರುತ್ತದೆ. ಚಿನ್ನಪ್ಪ ಹೂಂ ಎಂದರೆ ಮೋಟರ್ ಆಫ್. ಇದಕ್ಕೆಂದೇ ಅವರ ಬಳಿ ಮೆಟ್ಟಿಲಿಳಿದು ಮೂರು ಮಹಡಿ ದಾಟುವ ದಪ್ಪ ಹೂಂ ಒಂದಿತ್ತು.

ಆ ದಿನ ಅವರಿನ್ನೂ ಮುಚ್ಚಳಕ್ಕೆ ಕೈ ಹಾಕಿರಲಿಲ್ಲ. ಪಕ್ಕದ ರೂಮಿನ ವೆಂಟಿಲೇಟರಿನಿಂದ ಹೆಣ್ಣು ದನಿಯೊಂದು ಹೊರಬಿತ್ತು. ಎಣ್ಣೆಯಲ್ಲಿ ಅದ್ದಿ ತೆಗೆದ ಚಾಕುವಿನಂಥ ದನಿ.

“ಒಡೆಯಾ! ನಿಮ್ಮ ಅನ್ನದ ಋಣ ನನ್ನ ಮೇಲಿದೆ. ಆ ಮುದಿ ರಾಣಿ ಉಸಿರಾಡುವ ತನಕ ನಿಮಗೆ ನೆಮ್ಮದಿಯಿಲ್ಲ. ಅಪ್ಪಣೆಯಾಗಲಿ. ಮುಗಿಸಿಬಿಡಲೇ?”

“ರೀ, ತುಂಬ್ತಾ?” ಎಂದರು ಕೆಳಗಿನಿಂದ ಈಶ್ವರಮ್ಮ.

“ಹೂಂ,” ಎಂದರು ಚಿನ್ನಪ್ಪ.

ಮೋಟರ್ ನಿಂತಿತು. ವೆಂಟಿಲೇಟರಿನ ಒಳಗೆ ಒಂದು ನಗು. “ಅಪ್ಪಣೆ, ಒಡೆಯಾ.”

ಚಿನ್ನಪ್ಪ ಮುಚ್ಚಳ ತೆಗೆಯುವುದನ್ನೇ ಮರೆತರು.

ಆ ರೂಮಿನಲ್ಲಿ ಬಾಡಿಗೆಗಿದ್ದವಳು ರಾಜಶ್ರೀ. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂನ ಒಂದು ಆಫೀಸಿನಲ್ಲಿ ಕೆಲಸ, ಎಲ್ಲರಿಗೂ ‘ರೀ’ ಹಚ್ಚಿಯೇ ಮಾತು. ಹೋದ ವಾರ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಈಶ್ವರಮ್ಮನಿಗೂ ಅವಳಿಗೂ ಮಾತು ಬೆಳೆದು, ಈಶ್ವರಮ್ಮ ಅವಳ ಬೆಡ್‌ಶೀಟನ್ನು ಕಿತ್ತು ಮೆಟ್ಟಿಲ ಮೇಲೆ ಎಸೆದಿದ್ದರು. ಹೆಂಡತಿ ಕಾಣದಾಗ ಚಿನ್ನಪ್ಪ ಅದನ್ನು ಮತ್ತೆ ಒಣಹಾಕಿದ್ದರು. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, “ಅಂಕಲ್ರೀ, ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ರಿ. ಏನ ಕೆಲಸ ಇದ್ರೂ ಹೇಳ್ರಿ,” ಎಂದಿದ್ದಳು.

ಚಿನ್ನಪ್ಪ ಲೆಕ್ಕ ಹಾಕಿದರು. ಓನರ್ ಅಂದರೆ ಮಾಲೀಕ. ಮಾಲೀಕ ಅಂದರೆ ಒಡೆಯ. ಈ ಮನೆಯ ಒಡೆಯ ತಾವು. ಇನ್ನು ರಾಣಿ ಯಾರೆಂದು ಇಡೀ ರಸ್ತೆಗೆ ಗೊತ್ತು.

ಮೆಟ್ಟಿಲು ಇಳಿದವರೇ ಅವರು ನೇರ ಎದುರು ಮನೆಗೆ ಹೋದರು. ಅಲ್ಲಿ ಗೌರೀಶಂಕರ ಎಂಬ ರಿಟೈರ್ಡ್ ಗೃಹಸ್ಥರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ದಿನಕ್ಕೆ ಎಂಟು ಗಂಟೆ ಮೊಬೈಲಿನಲ್ಲಿ ಕೊಲೆ ಕೇಸಿನ ವಿಡಿಯೊ ನೋಡುತ್ತಿದ್ದರು. ಈ ವಿದ್ಯೆಯನ್ನು ಪ್ರಯೋಗಿಸಲು ಒಂದು ಕೊಲೆಯೂ ಆ ರಸ್ತೆಯಲ್ಲಿ ಆಗಿಲ್ಲವಲ್ಲ ಎಂಬುದೇ ಅವರ ಕೊರಗು.

ಕತೆ ಕೇಳಿ ಗೌರೀಶಂಕರರ ಮುಖ ಹಬ್ಬದ ದಿನದ ಮನೆಬಾಗಿಲಿನಂತಾಯಿತು.

“ಸಾರ್, ಒಂದು ನಿಮಿಷ. ಅವಳು ‘ಮುಗಿಸಿಬಿಡಲೇ’ ಅಂದ್ಳು. ನೀವು ಹೂಂ ಅಂದ್ರಿ.”

“ಟ್ಯಾಂಕಿಗೆ ಅಂದಿದ್ದು ಸಾರ್!”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ಜಡ್ಜಿಗೆ ಟ್ಯಾಂಕು ಬಂದು ಸಾಕ್ಷಿ ಹೇಳುತ್ತಾ? ಇದಕ್ಕೇ ಸಾರ್ ಸುಪಾರಿ ಅನ್ನೋದು.”

“ಅಯ್ಯೋ, ಮನೇಲಿ ಹೇಳಿಬಿಡ್ಲಾ?”

“ಏನಂತ? ‘ನಿನ್ನ ಕೊಲೆಗೆ ಒಪ್ಪಿಗೆ ಕೊಟ್ಟಿದ್ದೀನಿ, ಹುಷಾರಾಗಿರು’ ಅಂತಾನಾ?” ಗೌರೀಶಂಕರ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಇಂಥವರು ದುಡ್ಡಿಗೆ ಮಾಡೋರಲ್ಲ ಸಾರ್. ನಿಯತ್ತಿಗೆ ಮಾಡೋರು. ಅವರೇ ಡೇಂಜರ್. ನಿಲ್ಲಿಸೋಕೆ ಒಂದೇ ದಾರಿ. ಯಾವ ಬಾಯಲ್ಲಿ ಹೂಂ ಅಂದ್ರೋ ಅದೇ ಬಾಯಲ್ಲಿ ಉಹೂಂ ಅನ್ಬೇಕು.”

ಮದುವೆಯಾದ ಮೇಲೆ ಚಿನ್ನಪ್ಪ ಆ ಪದವನ್ನು ಬಳಸಿಯೇ ಇರಲಿಲ್ಲ. ಬರುತ್ತದೋ ಇಲ್ಲವೋ.

ಮನೆಗೆ ಬಂದರೆ ಅಲ್ಲಿ ಬೇರೊಂದು ಯುದ್ಧ. ಹನ್ನೊಂದಕ್ಕೆ ಕರೆಂಟು ಹೋಗಿತ್ತು, ಮೆಂಟೆನೆನ್ಸಂತೆ, ಸಂಜೆ ತನಕ ಬರುವುದಿಲ್ಲವಂತೆ. ಹನ್ನೆರಡಕ್ಕೆ ನಲ್ಲಿಗಳು ಒಂದೊಂದಾಗಿ ಕೆಮ್ಮಿ ನಿಂತುಹೋದವು. ಈಶ್ವರಮ್ಮ ಸೋಪು ಹಚ್ಚಿದ ಪಾತ್ರೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಬೆಳಿಗ್ಗೆ ಒಂಬತ್ತೂವರೆಗೆ ಟ್ಯಾಂಕ್ ಫುಲ್ಲು. ನೀವೇ ನೋಡಿ ಹೂಂ ಅಂದ್ರಿ. ಎರಡೂವರೆ ಗಂಟೇಲಿ ಸಾವಿರ ಲೀಟರ್ ಎಲ್ಲೋಯ್ತು?”

ಚಿನ್ನಪ್ಪನವರಿಗೆ ಆಗ ನೆನಪಾಯಿತು: ತಾವು ಮುಚ್ಚಳ ತೆಗೆದೇ ಇರಲಿಲ್ಲ.

“ಆ ಮೇಲಿನವಳೇ. ತಲೆ ಸ್ನಾನ, ಬಟ್ಟೆ, ಎಲ್ಲ ಶನಿವಾರಾನೇ. ನಾಳೇನೇ ರೂಮ್ ಖಾಲಿ ಮಾಡಿಸ್ತೀನಿ, ನೋಡ್ತಿರಿ.”

“ಬೇಡ ಕಣೇ, ಅವಳನ್ನ ಕೆಣಕಬೇಡ!”

“ಯಾಕೆ?” ಎಂದರು ಈಶ್ವರಮ್ಮ. ಮೂವತ್ತನಾಲ್ಕು ವರ್ಷದಲ್ಲಿ ಗಂಡ ಮೊದಲ ಸಲ ಒಂದು ಪೂರ್ಣ ವಾಕ್ಯ ಆಡಿದ್ದು ಅವರಿಗೆ ಸಹಜವಾಗಿಯೇ ಅನುಮಾನ ತಂದಿತು.

ಅಷ್ಟರಲ್ಲಿ ಬಾಗಿಲಲ್ಲಿ ರಾಜಶ್ರೀ. ಕೈಯಲ್ಲಿ ನಾಲ್ಕು ಜೋಳದ ರೊಟ್ಟಿ, ಒಂದು ಸ್ಟೀಲ್ ಡಬ್ಬಿ. “ಆಂಟೀ, ಅವತ್ತ ಜಗಳ ಆತಲ್ರೀ, ಮನಸ್ಸಿಗೆ ಸಮಾಧಾನ ಇರ್ಲಿಲ್ರಿ. ನಿಮಗಂತನ ಮಾಡೇನ್ರಿ, ಗುರೆಳ್ಳು ಹಿಂಡಿ. ಸಂಜಿಯೊಳಗ ತಿಂದು ಮುಗಿಸ್ರಿ ಮತ್ತ.”

ಡಬ್ಬಿಯೊಳಗೆ ಇದ್ದಿಲಿನ ಬಣ್ಣದ ಪುಡಿ.

“ಹಿಂಡೀನಾ?” ಈಶ್ವರಮ್ಮನ ಹುಬ್ಬು ಮೇಲೇರಿತು. “ನಮ್ಮಲ್ಲಿ ಅದನ್ನ ಹಸುಗೆ ಹಾಕ್ತಾರೆ.”

“ಅಯ್ಯ, ನಮ್ಮ ಕಡೆ ಚಟ್ನಿಪುಡಿಗೆ ಹಂಗಂತಾರ್ರಿ. ಒಂದ ಚೂರು ಬಾಯಾಗ ಹಾಕ್ಕೊಂಡ ನೋಡ್ರಿ, ಎಲ್ಲ ಚಿಂತಿ ಮುಗೀತದ.”

‘ಮುಗಿಯುತ್ತದೆ’ ಎಂಬ ಮಾತು ಚಿನ್ನಪ್ಪನ ಕಿವಿಯಲ್ಲಿ ಗಂಟೆ ಹೊಡೆಯಿತು. ಎಷ್ಟಾದರೂ ಹೆಂಗಸರಲ್ಲವೇ, ಈಶ್ವರಮ್ಮ ಬೈಯುತ್ತಲೇ ಬೆರಳು ಡಬ್ಬಿಗೆ ಹಾಕುವುದರಲ್ಲಿದ್ದರು. ಚಿನ್ನಪ್ಪ ಡಬ್ಬಿ ಕಿತ್ತುಕೊಂಡರು. ಎಸೆಯೋಣವೆಂದರೆ ಹುಡುಗಿ ನೋಡುತ್ತಿದ್ದಾಳೆ, ಇಡೋಣವೆಂದರೆ ಹೆಂಡತಿ ನೋಡುತ್ತಿದ್ದಾಳೆ. ದಾರಿ ಒಂದೇ ಉಳಿಯಿತು. ನಿಂತ ಕಾಲಲ್ಲೇ ಡಬ್ಬಿಯನ್ನು ಬಾಯಿಗೆ ಬಗ್ಗಿಸಿಕೊಂಡರು. ಒಣ ಪುಡಿ, ಕುಡಿಯಲು ನೀರಿಲ್ಲ. ಕಣ್ಣು ಗುಡ್ಡೆ ಹೊರಬಂದು, ಬಾಯಿಂದ ಕಪ್ಪು ಹೊಗೆ ಬಿಟ್ಟು, ಇಂಜಿನ್ ಕೆಟ್ಟ ಬಿಎಂಟಿಸಿ ಬಸ್ಸಿನಂತೆ ನಿಂತರು.

“ಅಂಕಲ್ಲಿಗೆ ಭಾಳ ಸೇರಿತು ಅನ್ಸತದ,” ಎಂದಳು ರಾಜಶ್ರೀ ಸಂತೋಷದಿಂದ.

“ನನಗೆ ಒಂದು ಚಿಟಿಕೇನೂ ಬಿಡಲಿಲ್ಲ,” ಎಂದರು ಈಶ್ವರಮ್ಮ. ಅವರ ದನಿಯಲ್ಲಿ ಸಂತೋಷವಿರಲಿಲ್ಲ.

ಮಧ್ಯಾಹ್ನವೆಲ್ಲ ಚಿನ್ನಪ್ಪ ಸೋಫಾದ ಮೇಲೆ ಕೂತು ಹೊಟ್ಟೆಯ ಸದ್ದು ಆಲಿಸಿದರು. ಗೌರೀಶಂಕರ ಅರ್ಧ ಗಂಟೆಗೊಮ್ಮೆ ಗೇಟಿನಿಂದ ಇಣುಕಿ, ಹೆಬ್ಬೆರಳೆತ್ತಿ ‘ಇದ್ದೀರಾ?’ ಎಂದು ಸನ್ನೆಯಲ್ಲೇ ವಿಚಾರಿಸಿದರು.

ಸಂಜೆ ಆರೂಕಾಲಿಗೆ ವೆಂಟಿಲೇಟರಿನಿಂದ ಮತ್ತೆ ಆ ದನಿ ಮೆಟ್ಟಿಲಿಗುಂಟ ಇಳಿದುಬಂದದ್ದೇ ತಡ, ಚಿನ್ನಪ್ಪ ಎರಡೆರಡು ಮೆಟ್ಟಿಲಂತೆ ಹತ್ತಿದರು.

“ಒಡೆಯಾ! ರಾಣಿಯ ಊಟದಲ್ಲಿ ಬೆರೆಸಿದ್ದಾಯಿತು. ಸೂರ್ಯ ಮುಳುಗುವುದರೊಳಗೆ ತಿಂದವರ ಕರುಳು ಕರಗಿ ನೀರಾಗುತ್ತದೆ!”

ಚಿನ್ನಪ್ಪ ಪಶ್ಚಿಮಕ್ಕೆ ನೋಡಿದರು. ಸೂರ್ಯ ಜಯನಗರದ ಕಟ್ಟಡಗಳ ಹಿಂದೆ ಮುಕ್ಕಾಲು ಪಾಲು ಹೋಗಿದ್ದ.

“ಉಹೂಂ!” ಎಂದು ಅವರು ವೆಂಟಿಲೇಟರಿಗೆ ಬಾಯಿಟ್ಟು ಕಿರುಚಿದರು. ಅಭ್ಯಾಸವಿಲ್ಲದೆ ಮೊದಲನೆಯದು ಸೀನಿನಂತೆ ಬಂತು. “ಉಹೂಂ! ಉಹೂಂ! ರಾಣಿ ಬದುಕ್ಲಿ! ತಿಂದಿದ್ದು ನಾನು ಕಣಮ್ಮಾ!”

ಬಾಗಿಲು ತೆರೆಯಿತು. ರಾಜಶ್ರೀ ತಲೆಯ ಮೇಲೆ ಹಳೆ ಸೀರೆ ಹೊಲಿದ ದಪ್ಪ ಕೌದಿ ಹೊದ್ದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಮೈಕು ಹಿಡಿದು ನಿಂತಿದ್ದಳು.

“ಅಂಕಲ್ರೀ, ಏನಾತ್ರೀ?”

ಏನಾಯಿತೆಂದು ಇಬ್ಬರಿಗೂ ತಿಳಿಯಲು ಹತ್ತು ನಿಮಿಷ ಹಿಡಿಯಿತು. ಮೊಬೈಲಿನ ಒಂದು ಕತೆ ಕೇಳುವ ಆ್ಯಪಿನಲ್ಲಿ ‘ಏಳು ಮಂತ್ರಗಳ ಕೋಟೆ’ ಎಂಬ ಮಾಯಾಜಾಲದ ಧಾರಾವಾಹಿ ದಿನಾ ಸಂಜೆ ಏಳಕ್ಕೆ ಬರುತ್ತದೆ. ಅದರಲ್ಲಿ ಘೋರಾಂಬೆ ಎಂಬ ದುಷ್ಟ ಮಾಟಗಾತಿಯಿದ್ದಾಳೆ. ಒಡೆಯನಿಗೋಸ್ಕರ ಊರು ಸುಡುತ್ತಾಳೆ, ಕೆರೆ ಬತ್ತಿಸುತ್ತಾಳೆ, ಬೇಕಾದರೆ ಸ್ವಂತ ತಂಗಿಯನ್ನೂ ಕಪ್ಪೆ ಮಾಡುತ್ತಾಳೆ. ಅವಳಿಗೆ ದನಿ ಕೊಡುವವಳು ರಾಜಶ್ರೀ. ಹೊರಗಿನ ಸದ್ದು ಬಾರದಿರಲೆಂದು ಕೌದಿ.

ಅವಳು ನಕ್ಕು ನಕ್ಕು ಕೌದಿಯೊಳಗೇ ಕುಸಿದಳು. “ಆದ್ರೂ ಕೌದಿ ದಾಟಿ ನಿಮ್ಮ ಹೂಂ ಬಂದದ ನೋಡ್ರಿ! ಇನ್ನೂರು ಎಪಿಸೋಡ್ ಆತು, ಒಡೆಯ ಒಂದ್ಸಲಾನೂ ಬಾಯಿ ಬಿಟ್ಟಿಲ್ಲ. ಅಂಥಾ ದನೀನ ಸಿಕ್ಕಿರ್ಲಿಲ್ಲ. ಮುಂಜಾನೆ ನಿಮ್ಮದು ಕೇಳಿ ನಮ್ಮ ಡೈರೆಕ್ಟರ್ ಭಾರ್ಗವ ಸರ್ ಕುಣದಾಡಿಬಿಟ್ರು. ಹಂಗ ಇಟ್ಕೊಂಡಾರ. ಇವತ್ತ ಏಳಕ್ಕ ಬರ್ತದ. ನಾಳಿಗೂ ಒಂದು ಹೂಂ ಬೇಕಂತ್ರಿ!”

ಚಿನ್ನಪ್ಪ ಮೆಟ್ಟಿಲಿಳಿದದ್ದು ಎದೆ ಮುಂದೆ ಮಾಡಿಕೊಂಡು. ಹೆಂಡತಿ ಉಳಿದಳು, ಕರುಳು ಉಳಿಯಿತು, ಜೊತೆಗೆ ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಹೂಂಗೆ ಬೆಲೆ ಬಂದಿತ್ತು. ಗೇಟಿನಲ್ಲಿ ಕಾದಿದ್ದ ಗೌರೀಶಂಕರರಿಗೆ, “ಏನೂ ಇಲ್ಲ ಸಾರ್, ನಾಟಕ,” ಎಂದರು. ಗೌರೀಶಂಕರರ ಮುಖ ಬಾಡಿತು. ಆದರೂ ಅವರು ಹೋಗಲಿಲ್ಲ.

ಒಳಗೆ ಈಶ್ವರಮ್ಮ ದಿನದಂತೆ ದಿವಾನದ ಮೇಲೆ ಒರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿದ್ದರು. ಏಳರಿಂದ ಏಳೂಕಾಲು ಅವರು ದೇವರನಾಮ ಕೇಳುತ್ತಾರೆಂದೇ ಚಿನ್ನಪ್ಪ ಆರೇಳು ತಿಂಗಳಿಂದ ನಂಬಿದ್ದರು. ಕರೆಂಟು ಆಗತಾನೆ ಬಂದು ಫ್ಯಾನು ತಿರುಗಲು ಹತ್ತಿತು.

ಏಳೂ ಹತ್ತಕ್ಕೆ ಈಶ್ವರಮ್ಮ ಕಣ್ಣು ಬಿಟ್ಟರು.

“ಬನ್ನಿ ಇಲ್ಲಿ.”

ಒಂದು ಇಯರ್‌ಫೋನನ್ನು ಕಿತ್ತು ಗಂಡನ ಕಿವಿಗೆ ತುರುಕಿದರು. ಘೋರಾಂಬೆ ಕೇಳುತ್ತಿದ್ದಳು: “ಮುಗಿಸಿಬಿಡಲೇ?” ಆಮೇಲೆ ಬಹಳ ದೂರದಿಂದ, ಪಾತಾಳದಲ್ಲಿ ಪ್ರೇತವೊಂದು ಗೋಳಿಟ್ಟಂತೆ, ಮಾರ್ದನಿಯ ಮೇಲೆ ಮಾರ್ದನಿಯಾಗಿ, “ತುಂಬ್ತಾಆಆ...” ಅದರ ಹಿಂದೆಯೇ ಗಂಭೀರವಾಗಿ, “ಹೂಂ.”

“ಆ ಪ್ರೇತ ನಾನು,” ಎಂದರು ಈಶ್ವರಮ್ಮ ತಣ್ಣಗೆ. “ಹೂಂ ನೀವು. ಹೆಂಗೆ ಅಲ್ಲಿಗೆ ಹೋಯ್ತು ಅಂತ ಆಮೇಲೆ ಹೇಳಿ. ಈಗ ಒಂದೇ ಮಾತು ಕೇಳ್ತೀನಿ. ಈ ಹೂಂ ಯಾರಿಗೆ ಅಂದಿದ್ದು? ಅವಳಿಗಾ, ನನಗಾ?”

ಚಿನ್ನಪ್ಪ ತೂಗಿ ನೋಡಿದರು. ‘ನಿನಗೆ’ ಎಂದರೆ, ಟ್ಯಾಂಕು ನೋಡದೆಯೇ ಹೂಂ ಅಂದದ್ದು, ದಿನವಿಡೀ ನೀರಿಲ್ಲದೆ ಪಾತ್ರೆ ಒಣಗಿದ್ದು, ಪಾಪದ ಹುಡುಗಿಯ ಮೇಲೆ ಅಪವಾದ ಬಂದದ್ದು, ಎಲ್ಲ ತಲೆಯ ಮೇಲೆ ಬರುತ್ತದೆ. ‘ಅವಳಿಗೆ’ ಎಂದರೆ ಬರಿಯ ಕೊಲೆ.

“ಅವಳಿಗೆ,” ಎಂದರು.

“ರಾಣೀನ ಮುಗಿಸೋಕೆ?”

“ಹೂಂ.”

“ಸುಳ್ಳು.” ಈಶ್ವರಮ್ಮ ಎದ್ದು ನಿಂತರು. “ಮೂವತ್ತನಾಲ್ಕು ವರ್ಷ ನಿಮ್ಮ ಜೊತೆ ಬಾಳಿದೀನಿ ಕಣ್ರೀ. ಅವಳಿಗೆ ಹೂಂ ಅನ್ನೋ ಧೈರ್ಯ ನಿಮಗೆಲ್ಲಿಂದ ಬರ್ಬೇಕು? ಮೂರು ಸಲ ರಿವರ್ಸ್ ಮಾಡಿ ಕೇಳ್ದೆ. ಹೂಂಗೆ ಮುಂಚೆ ಮುಚ್ಚಳ ತೆಗೆದ ಸದ್ದೇ ಇಲ್ಲ!” ಕೈ ಮೋಟರಿನ ಸ್ವಿಚ್ಚಿಗೆ ಹೋಯಿತು. “ಘೋರಾಂಬೇನ ನೋಡಿ ಕಲೀರಿ. ಒಂದು ಕೆಲಸ ಒಪ್ಕೊಂಡ್ರೆ ಪ್ರಾಣ ಕೊಟ್ಟಾದ್ರೂ ಮಾಡ್ತಾಳೆ. ಹತ್ತಿ ಮೇಲೆ. ತುಂಬಿದ ಮೇಲೇ ಹೂಂ.”

ಚಿನ್ನಪ್ಪ ಹತ್ತಿದರು. ಈ ಸಲ ಮುಚ್ಚಳ ತೆಗೆದರು. ಮಬ್ಬುಗತ್ತಲಲ್ಲಿ ಮುಖ ಒಳಗಿಟ್ಟು, ನೀರು ಒಂದೊಂದೇ ಇಂಚು ಏರುವುದನ್ನು ಭಕ್ತಿಯಿಂದ ನೋಡಿದರು. ನೀರು ಅಂಚಿಗೆ ಬಂತು. ಹೂಂ ಅನ್ನಲು ಉಸಿರು ಎಳೆದುಕೊಂಡರು.

“ಒಡೆಯಾ!” ಎಂದಿತು ವೆಂಟಿಲೇಟರು. “ರಾಣಿಯ ತವರಿನವರನ್ನೂ ಮುಗಿಸಿಬಿಡಲೇ?”

“ರೀ, ತುಂಬ್ತಾ?” ಎಂದಿತು ಕೆಳಮನೆ.

ಈಗ ಹೂಂ ಅಂದರೆ ಅದು ನಾಳೆ ಏಳಕ್ಕೆ ಈಶ್ವರಮ್ಮನ ಕಿವಿಗೇ ಬೀಳುತ್ತದೆ. ಚಿನ್ನಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನೀರು ಅಂಚು ದಾಟಿ ಅವರ ಕಾಲು ತೋಯಿಸಿತು, ಟೆರೇಸು ತೋಯಿಸಿತು, ಪೈಪಿಗುಂಟ ಇಳಿದು ಗೇಟಿನಲ್ಲಿ ಇನ್ನೂ ಆಸೆ ಬಿಡದೆ ನಿಂತಿದ್ದ ಗೌರೀಶಂಕರರ ನೆತ್ತಿಗೆ ಸುರಿಯಿತು.

“ಅಪ್ಪಣೆಯಾಗಲಿ, ಒಡೆಯಾ!”

“ರೀ! ಕೇಳಿಸ್ತಿಲ್ವಾ? ತುಂಬ್ತಾಆಆ?”