ಮೊದಲ ಸ್ಥಾನ ತಂದ ಕೈಪಟ್ಟಿ

ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡವನ ಮನೆಗೇ ಪ್ಲಾಸ್ಟಿಕ್ಕಿನ ಪರೀಕ್ಷೆ ಬಂದರೆ ಅವನ ಗತಿ ಏನು, ನೀವೇ ಹೇಳಿ! ಮಗಳ ಶಾಲೆಗೆ ಸಂಶೋಧಕಿಯೊಬ್ಬರು ಬಂದು, ಮಕ್ಕಳ ಕೈಗೆಲ್ಲ ರಬ್ಬರಿನಂಥ ಮೆತ್ತನೆಯ ಪಟ್ಟಿ ತೊಡಿಸಿ ಕಳಿಸಿದ್ದರು. ವಾರವಿಡೀ ತೆಗೆಯುವಂತಿಲ್ಲ. ಪ್ಲಾಸ್ಟಿಕ್ಕಿನಿಂದ ಹೊರಬಂದು ಮಕ್ಕಳ ಹಾರ್ಮೋನುಗಳನ್ನು ಏರುಪೇರು ಮಾಡುವ ರಾಸಾಯನಿಕಗಳನ್ನು ಅದು ಹೀರಿಕೊಳ್ಳುತ್ತದಂತೆ. ಆಮೇಲೆ ಪ್ರಯೋಗಾಲಯದಲ್ಲಿ ಅಳೆಯುತ್ತಾರಂತೆ.

"ಮನೇಲಿ ಏನೂ ಬದಲಾಯಿಸ್ಬೇಡಿ, ಎಂದಿನ ಹಾಗೇ ಇರಿ ಅಂದಿದಾರೆ," ಎಂದಳು ನನ್ನಾಕೆ. (ಈ ಪರೀಕ್ಷೆಗೆ ಮಗಳ ಹೆಸರು ಕೊಟ್ಟು ಬಂದವಳೂ ಅವಳೇ!)

"ನನ್ನ ಮಾನ ಹೋಗುತ್ತೆ ಕಣೇ! ಬಕೆಟ್ ಅಂಗಡಿಯವನ ಮಗಳೇ ಎಲ್ಲರಿಗಿಂತ ಮುಂದೆ ಅಂತಾದ್ರೆ ಗಿರಾಕಿಗಳು ನನ್ನ ಕಡೆ ತಲೆ ಹಾಕ್ತಾರಾ?"

"ನಿಮಗೆ ಅಂಗಡಿ ಚಿಂತೆ, ನನಗೆ ಮಗಳ ಚಿಂತೆ."

ನನಗೂ ಮಗಳ ಚಿಂತೆ ಇತ್ತು, ಆಣೆ ಮಾಡಿ ಹೇಳುತ್ತೇನೆ. ಅಂಗಡಿಯ ಚಿಂತೆ ಒಂದು ಹೆಜ್ಜೆ ಮುಂದೆ ನಿಂತಿತ್ತು, ಅಷ್ಟೆ.

ಮಾರನೆಯ ದಿನ ಅವಳು ಕೆಲಸಕ್ಕೆ ಹೊರಟದ್ದೇ ತಡ, ನನ್ನ 'ಪ್ಲಾಸ್ಟಿಕ್ ಉಚ್ಚಾಟನಾ ಮಹಾ ಅಭಿಯಾನ' ಶುರುವಾಯಿತು. ಮೇಜಿನ ಹೂವಿನ ಹೊದಿಕೆ, ಬಚ್ಚಲಿನ ಪರದೆ, ರೇನ್‌ಕೋಟುಗಳು, ಅಡುಗೆಮನೆಯ ಡಬ್ಬಗಳು, ಮಗಳ ಗಾಳಿ ತುಂಬಿದ ಆನೆ, ಎಲ್ಲವೂ ಗಂಟುಮೂಟೆ ಕಟ್ಟಿದವು.

"ರೀ, ಸಾಮಾನೆಲ್ಲ ಎಲ್ಲಿ?" ಎಂದಳು ಸಂಜೆ ಬಂದವಳು.

"ಅಂಗಡಿಗೆ ಸಾಗಿಸ್ದೆ."

"ಅಲ್ಲಿ ನಿಮಗೇ ನಿಲ್ಲೋಕೆ ಜಾಗ ಇಲ್ವಲ್ಲ!"

"ಹೇಗೋ ಹೊಂದಿಸ್ದೆ, ಬಿಡೇ."

ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಫಲಿತಾಂಶ ಬರುವವರೆಗೂ ಮನೆ ಹೀಗೇ ಪರಿಶುದ್ಧವಾಗಿರಲಿ ಎಂದು ನಾನು ಯಾವುದನ್ನೂ ವಾಪಸು ತರಲಿಲ್ಲ.

ಕೆಲವು ವಾರಗಳ ಮೇಲೆ ಸಂಶೋಧಕಿಯೇ ಮನೆಗೆ ಬಂದರು.

"ಇಡೀ ಶಾಲೇಲಿ ನಿಮ್ಮ ಮಗಳ ಪಟ್ಟಿಯಲ್ಲೇ ಜಾಸ್ತಿ ಇದೆ. ಯಾಕೆ ಅಂತ ನೋಡೋಣ ಅಂತ ಬಂದೆ."

"ಸಾಧ್ಯವೇ ಇಲ್ಲ ಮೇಡಂ! ಮನೆ ಜಾಲಾಡಿ. ಒಂದು ಪ್ಲಾಸ್ಟಿಕ್ ಚಮಚ ಸಿಕ್ಕಿದ್ರೂ ಅರ್ಧ ಮೀಸೆ ಬೋಳಿಸ್ತೀನಿ!"

"ಮಗು ಎಲ್ಲಿ ಮಲಗುತ್ತೆ?"

"ಮೊದಲು ಕಾಫಿ ಕುಡೀರಿ ಮೇಡಂ," ಎಂದೆ ನಾನು ಗಡಿಬಿಡಿಯಿಂದ. ಮಗಳು ಕುಣಿಯುತ್ತ ಅವರ ಕೈ ಹಿಡಿದು ಎಳೆದೊಯ್ದಳು. "ಇಲ್ಲೇ ಆಂಟಿ! ನನ್ನ ಮಂಚದ ಕೆಳಗೆ ಅಪ್ಪನ ಗೋಡೌನ್ ಇದೆ. ಅಮ್ಮಂಗೆ ಹೇಳ್ಬಾರ್ದು, ಆಯ್ತಾ?"

ಅಮ್ಮ ಅವಳ ಬೆನ್ನಹಿಂದೆಯೇ ನಿಂತಿದ್ದಳು. ಮಂಚದಿಂದ ಇಳಿಬಿದ್ದಿದ್ದ ಹಾಸನ್ನು ಅವಳು ಎತ್ತಿದರೆ ಮೊದಲು ಆನೆಯ ಸೊಂಡಿಲು ಹೊರಬಂತು. ಹಿಂದೆಯೇ ಪರದೆ, ರೇನ್‌ಕೋಟು, ಡಬ್ಬಗಳ ಮೆರವಣಿಗೆ. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಅಂಗಡಿಯ ಮಾನ ಕಾಯಲು ಹೋಗಿ ಎಲ್ಲವನ್ನೂ ಮಗಳ ಮೂಗಿನ ಕೆಳಗೇ ರಾಶಿ ಹಾಕಿದ್ದೆನಲ್ಲ!

"ಗಾಬರಿ ಆಗ್ಬೇಡಿ," ಎಂದರು ಸಂಶೋಧಕಿ ನಗು ತಡೆದುಕೊಳ್ಳುತ್ತ. "ಇದು ಕಾಯಿಲೆ ಅಲ್ಲ, ಬರೀ ಅಳತೆ. ಇವನ್ನೆಲ್ಲ ಆಚೆ ಹಾಕಿ, ಕಿಟಕಿ ತೆಗೆದಿಡಿ. ಇನ್ನೊಂದು ಸಲ ಅಳೆಯೋಣ."

"ಮೇಡಂ," ಎಂದಳು ನನ್ನಾಕೆ ತಣ್ಣಗೆ, "ಇನ್ನೊಂದು ಪಟ್ಟಿ ಹೆಚ್ಚಿಗೆ ಇದ್ಯಾ?"

ಈಗ ಮಗಳು ಅಮ್ಮನ ಪಕ್ಕದಲ್ಲಿ, ನನ್ನ ಜಾಗದಲ್ಲಿ, ಹಾಯಾಗಿ ಮಲಗುತ್ತಾಳೆ. ಸಾಮಾನೆಲ್ಲ ನಿಜವಾಗಿಯೂ ಅಂಗಡಿ ಸೇರಿದೆ. ಅದನ್ನು ಕಾಯಲು ನಾನೂ ಅಲ್ಲಿಗೇ ರವಾನೆಯಾಗಿದ್ದೇನೆ. (ಮೀಸೆಯ ವಿಷಯ ಯಾರೂ ಎತ್ತದಿದ್ದರೆ ಸಾಕು.) ಬಕೆಟ್ಟುಗಳ ನಡುವೆ, ಆನೆಯ ಮೇಲೆ ತಲೆಯಿಟ್ಟು, ಕೈಗೆ ಪಟ್ಟಿ ತೊಟ್ಟು ಬಿದ್ದುಕೊಂಡಿದ್ದೇನೆ. ಈ ಸಲದ ಮೊದಲ ಸ್ಥಾನಕ್ಕೆ ನನಗೆ ಎದುರಾಳಿಗಳೇ ಇಲ್ಲ.