ಕಂಬವೇರಿದ ಇತಿಹಾಸ ಸಲಹೆಗಾರ

ಇತಿಹಾಸಕ್ಕೆ ದಂಡಯಾತ್ರೆಗಳಿಂದ ಆದ ಹಾನಿಗಿಂತ ಸಿನಿಮಾಗಳಿಂದ ಆದ ಹಾನಿ ದೊಡ್ಡದು. ಕೋಟೆ ಕೆಡವಿದವನು ಕಲ್ಲನ್ನಾದರೂ ಬಿಟ್ಟು ಹೋಗುತ್ತಾನೆ. ಸಿನಿಮಾದವನು ಆ ಕಲ್ಲನ್ನೂ ಥರ್ಮಾಕೋಲಿನಲ್ಲಿ ಮಾಡಿಬಿಡುತ್ತಾನೆ. ಈ ಗಂಭೀರ ವಿಚಾರವನ್ನು ನಾನು ನಮ್ಮ ಮನೆಯ ಸೋಫಾದ ಮೇಲಿಂದ ಬಹಳ ವರ್ಷಗಳಿಂದ ಮಂಡಿಸುತ್ತ ಬಂದಿದ್ದೇನೆ. ಸಭಿಕರು ಒಬ್ಬರೇ, ನನ್ನ ಹೆಂಡತಿ ವಿಮಲಾ. ಅವಳೂ ಆ ಹೊತ್ತಿಗೆ ಸಾಮಾನ್ಯವಾಗಿ ಅಡುಗೆಮನೆಯಲ್ಲಿರುತ್ತಾಳೆ.

ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಯುದ್ಧದ ಸಿನಿಮಾ ಎಂದರೆ ಪ್ರಾಣ. ಅದರಲ್ಲೂ ಶತ್ರು ಸೈನ್ಯ ಬಂದು ದೇಶ ಆಕ್ರಮಿಸಿಕೊಂಡಾಗ ಊರಿನ ಜನ ಗುಟ್ಟಾಗಿ ಸೇರಿ ಸೇತುವೆ ಉರುಳಿಸುವ, ರೈಲು ಕೆಡವುವ ಸಿನಿಮಾಗಳು. ನಾನು ಅವನ್ನು ನೋಡುವುದು ಆನಂದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಅದೇ ನನ್ನ ಆನಂದ! ಕಾಡಿನಲ್ಲಿ ತಿಂಗಳುಗಟ್ಟಲೆ ಅಡಗಿಕೊಂಡ ನಾಯಕಿಯ ಕೂದಲು ಆಗಷ್ಟೇ ಸೀಗೆಕಾಯಿ ಹಾಕಿ ತೊಳೆದಂತಿರುತ್ತದೆ. ರೈಲು ಸರಿಯಾಗಿ ಸೇತುವೆಯ ನಟ್ಟನಡುವೆ ಬಂದಾಗಲೇ ಸಿಡಿಮದ್ದು ಸಿಡಿಯುತ್ತದೆ. ರೈಲು ಹೇಳಿದ ಹೊತ್ತಿಗೆ ಬರುವುದೊಂದೇ ಸಾಕು, ಇದು ಇತಿಹಾಸವಲ್ಲ ಎನ್ನುವುದಕ್ಕೆ.

"ಖರೇ ಅಂದ್ರ ಅವರು ಏನ್ ಮಾಡ್ತಿದ್ರು ಗೊತ್ತದ ಏನು?" ಎಂದು ಒಂದು ಭಾನುವಾರ ನಾನು ಟಿವಿ ನಿಲ್ಲಿಸಿ ಕೇಳಿದೆ. "ಗಾಲಿ ಅಚ್ಚಿನ ಗ್ರೀಸಿನ್ಯಾಗ ಮರಳ ಹಾಕ್ತಿದ್ರು. ಆಮ್ಯಾಲೆ ಸುಮ್ಮನ ಮನಿಗೆ ಹೋಗಿ ಉಂಡು ಮಲಗತಿದ್ರು. ಗಾಡಿ ಎಲ್ಲೋ ದೂರ ಹೋಗಿ ಕೆಡತಿತ್ತು."

"ಉಂಡು ಮಲಗೂದನ್ನ ನೀವು ದಿನಾ ತೋರಸ್ತೀರಲ್ರಿ," ಎಂದಳು ವಿಮಲಾ. "ಅದಕ್ಕ ಸಿನಿಮಾ ಯಾಕ ಬೇಕು?"

ಇಂಥ ವಾತಾವರಣದಲ್ಲಿ ಇತಿಹಾಸವನ್ನು ಕಾಪಾಡುತ್ತಿದ್ದ ನನಗೆ ಒಂದು ದಿನ ಕರ್ತವ್ಯದ ಕರೆ ಬಂತು. ವಿಮಲಾಳ ಅಣ್ಣನ ಮಗ ಪ್ರಕಾಶ ಬೆಂಗೇರಿಯಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿ ಇಟ್ಟಿದ್ದಾನೆ. ಅವನು ಗಂಗಕ್ಕತ್ತಿಯ ಗಂಡನ ಮೇಲೆ ಒಂದು ಕಿರುಚಿತ್ರ ತೆಗೆಯುವವನಿದ್ದ. ಗಂಗಕ್ಕತ್ತಿ ಎಂದರೆ ವಿಮಲಾಳ ಸೋದರತ್ತೆ, ಉಣಕಲ್ಲಿನವರು, ವಯಸ್ಸು ನೂರರ ಹತ್ತಿರ. ಅವರ ಗಂಡ ನಲವತ್ತೆರಡರ ಚಳವಳಿಯಲ್ಲಿ ಬ್ರಿಟಿಷರ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲಿಗೆ ಹೋದವರು. ಹೊರಗೆ ಬಂದು ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವರದೊಂದು ಫೋಟೋ ಕೂಡ ಉಳಿದಿಲ್ಲ.

"ಒಮ್ಮೆ ಅವರನ್ನ ನೋಡಬೇಕು ಅನಸ್ತದ," ಎಂದಿದ್ದರಂತೆ ಅತ್ತಿ. "ಮಾರಿ ಮರತಂಗ ಆಗೇತಿ."

ಅದಕ್ಕೇ ಪ್ರಕಾಶ ಈ ಚಿತ್ರಕ್ಕೆ ಕೈಹಾಕಿದ್ದು. ಹುಡುಗ ಒಳ್ಳೆಯವನೇ. ಆದರೆ ಕಥೆ ಕೇಳಿ ನನಗೆ ಬೆವರು ಬಂತು. ಅವನ ಕಥೆಯಲ್ಲಿ ನಾಯಕ ಕುದುರೆಯ ಮೇಲೆ ಬಂದು, ರೈಲು ಸೇತುವೆಯನ್ನು ಡೈನಮೈಟಿನಿಂದ ಹಾರಿಸಿ, ಆ ಬೆಂಕಿಯ ಮುಂದೆ ನಿಧಾನವಾಗಿ ನಡೆದು ಬರುತ್ತಾನೆ. ಮೇಲಿನಿಂದ ಗುಲಾಬಿ ಪಕಳೆ ಬೀಳುತ್ತವೆ!

"ಪಕಳಿ ಯಾಕಪಾ?"

"ಮಾಮಾ, ನನ್ನ ಎಲ್ಲಾ ವಿಡಿಯೋದಾಗೂ ಬೀಳತಾವ್ರಿ. ಗಿರಾಕಿಗೆ ರೂಢಿ ಆಗೇತಿ."

ಅಲ್ಲಿಯೇ ನಾನು ಆ ಚಿತ್ರದ ಇತಿಹಾಸ ಸಲಹೆಗಾರನಾದೆ. ಈ ಹುದ್ದೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ವಿನಯದಿಂದ ಸ್ವೀಕರಿಸಿದೆ.

ಮೊದಲ ಕೆಲಸವಾಗಿ ಉಣಕಲ್ಲಿಗೆ ಹೋಗಿ ಗಂಗಕ್ಕತ್ತಿಯನ್ನು ವಿಚಾರಿಸಿದೆ. "ಅತ್ತಿ, ಖರೇ ಹೆಂಗ ನಡೀತೋ ಹಂಗ ತೋರಸ್ತೇವಿ. ಎಲ್ಲಾ ಹೇಳ್ರಿ."

"ಖರೇ ಬ್ಯಾಡ್ರಿ ಅಳ್ಯಾರ. ಛಲೋ ತೋರಸ್ರಿ."

ನಾನು ಬಿಡಲಿಲ್ಲ. ಕೊನೆಗೆ ಅತ್ತಿ, "ಕಂಬ ಏರಿದ್ರು. ತಂತಿ ಕಡದ್ರು. ಪೋಲೀಸರು ಹಿಡದ್ರು," ಎಂದರು. ಹೇಗೆ ಹಿಡಿದರು? ಮನೆತನದ ಕಥೆಯ ಪ್ರಕಾರ ಇಪ್ಪತ್ತು ಪೋಲೀಸರು ಸುತ್ತುವರಿದು, ಘೋರ ಕಾಳಗವಾಗಿ... "ಅದನ್ನ ಬಿಡ್ರಿ," ಎಂದು ಅತ್ತಿ ಚಹಾ ತರಿಸಿದರು. ನಾನು ಚಹಾ ಕುಡಿದೆ. ಸಂಶೋಧನೆ ಅಲ್ಲಿಗೆ ಮುಗಿಯಿತು.

ಪ್ರಕಾಶನಿಗೂ ನನಗೂ ಒಪ್ಪಂದವಾಯಿತು. ಸೇತುವೆಯ ಸ್ಫೋಟ ಅವನದು, ಅದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಕಂಬ ಏರಿ ತಂತಿ ಕತ್ತರಿಸುವ ದೃಶ್ಯ ನನ್ನದು. ಅದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಕೂಡದು.

ಉಣಕಲ್ಲಿನ ಆಚೆ ನೆಂಟರೊಬ್ಬರ ಎರೆ ಹೊಲದಲ್ಲಿ, ಹಳೆಯದೊಂದು ಕಬ್ಬಿಣದ ಕಂಬ ನೆಟ್ಟು, ಅದರಿಂದ ಎದುರಿನ ಬೇವಿನ ಮರಕ್ಕೆ ತಂತಿ ಎಳೆದರು. ಹಿಂದಿನ ದಿನ ಮಳೆಯಾಗಿತ್ತು. ಗಂಗಕ್ಕತ್ತಿ ತಾವೂ ನೋಡುತ್ತೇನೆಂದು ಬಂದು, ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕುಳಿತರು. ಪಕ್ಕದಲ್ಲಿ ವಿಮಲಾ, ಅವಲಕ್ಕಿಯ ಡಬ್ಬಿಯೊಡನೆ.

ನಾಯಕ ಮಲ್ಲು, ಪ್ರಕಾಶನ ಗೆಳೆಯ, ಜಿಮ್ ನಡೆಸುವವನು. ಅವನ ತೋಳು ನಲವತ್ತೆರಡರ ಒಬ್ಬ ಮನುಷ್ಯನ ತೊಡೆಯಷ್ಟಿತ್ತು. ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ. ಉಳಿದದ್ದಕ್ಕೆ ಮಾಡಿದೆ. ಕೈಗಡಿಯಾರ ಬಿಚ್ಚಿಸಿದೆ. ಹಚ್ಚೆಗೆ ಮಣ್ಣು ಹಚ್ಚಿಸಿದೆ. ಧೋತರದ ಕಚ್ಚೆಯನ್ನು ಮೂರು ಸಲ ಬಿಚ್ಚಿಸಿ ಕಟ್ಟಿಸಿದೆ. ಕೊನೆಗೆ ರಬ್ಬರ್ ಚಪ್ಪಲಿ.

"ಬರಿಗಾಲಿಲೆ ಕಂಬ ಏರಾಕ ಆಗೂದಿಲ್ರಿ ಸರ್. ಕಾಲು ಜಾರತಾವು."

"ನಲವತ್ತೆರಡರಾಗ ಯಾರಿಗೂ ಜಾರಲಿಲ್ಲ," ಎಂದೆ ನಾನು.

ಮಲ್ಲು ಧೋತರ ಬಿಚ್ಚಿ ನನ್ನ ಕೈಗೆ ಕೊಟ್ಟ. ಒಳಗೆ ಜಿಮ್ಮಿನ ಚಡ್ಡಿ ಇತ್ತು. "ಹಂಗಾರ ನೀವ ಏರಿ ತೋರಸ್ರಿ."

ಇತಿಹಾಸದಲ್ಲಿ ಕೆಲವು ಕ್ಷಣಗಳಿರುತ್ತವೆ, ಮನುಷ್ಯ ಹಿಂದೆ ಸರಿಯಬಹುದಾದವು. ಅವು ಅವನಿಗೆ ಆಮೇಲೆ ಹೊಳೆಯುತ್ತವೆ. ನಾನು ಧೋತರ ಉಟ್ಟೆ.

"ಏನ್ ಮಾಡಾಕತ್ತೀರಿ?" ಎಂದು ವಿಮಲಾ ಬದುವಿನಿಂದ ಕೂಗಿದಳು.

"ಪ್ರಾತ್ಯಕ್ಷಿಕೆ!"

ಪ್ರಕಾಶ ಸಾಮಾನಿನ ಟೆಂಪೋವನ್ನು ಕಂಬಕ್ಕೆ ತಾಗಿಸಿ ನಿಲ್ಲಿಸಿದ. ನಾನು ಅದರ ಟಾಪು ಹತ್ತಿ, ಅಲ್ಲಿಂದ ಕಂಬದ ತುದಿಯ ಎರಡು ಅಡ್ಡಪಟ್ಟಿಗಳಲ್ಲಿ ಕೆಳಗಿನದರ ಮೇಲೆ ಪಾದ ಊರಿ, ಮೇಲಿನದನ್ನು ಹಿಡಿದು ನಿಂತೆ. ಸೊಂಟದಲ್ಲಿ ಕುಡಗೋಲು. ತಲೆಯ ಮೇಲೆ ತಂತಿ. ಗಾಳಿಗೆ ಧೋತರ ಪಟಪಟ ಹಾರಿತು. ಪ್ರಕಾಶ ಡ್ರೋನ್ ಹಾರಿಸಿದ. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ನನ್ನ ಕಣ್ಣಿಗೆ ಅದು ಬಿತ್ತು.

"ಟೆಂಪೋ ತಗೀರಿ!" ಎಂದು ಗರ್ಜಿಸಿದೆ. "ನಲವತ್ತೆರಡರಾಗ ಟೆಂಪೋ ಎಲ್ಲಿತ್ತು?"

ಮಲ್ಲು ಟೆಂಪೋ ತೆಗೆದ. ಹೊಲದ ಮೂಲೆಯವರೆಗೂ ಒಯ್ದ. ಅಲ್ಲಿ ಅದರ ನಾಲ್ಕೂ ಗಾಲಿ ಎರೆ ಮಣ್ಣಿನಲ್ಲಿ ಮೆಲ್ಲಗೆ, ಸಂತೋಷದಿಂದ, ಅಚ್ಚಿನವರೆಗೂ ಇಳಿದವು.

ಆ ಕಂಬ ಎರಡಾಳು ಎತ್ತರ. ಕೆಳಗಿನಿಂದ ನೋಡಿದಾಗ. ಮೇಲಿನಿಂದ ನೋಡಿದಾಗ ಅದು ಬೇರೆಯೇ ಕಂಬ. ತಂತಿ ಕತ್ತರಿಸಬೇಕಾದರೆ ಒಂದು ಕೈ ಬಿಡಬೇಕು ಎಂಬ ಅಂಶವೂ ಅಲ್ಲಿ ನನಗೆ ಮೊದಲ ಸಲ ಗಮನಕ್ಕೆ ಬಂತು. ಯಾವ ಗ್ರಂಥದಲ್ಲೂ ಇದನ್ನು ಬರೆದಿಲ್ಲ. ಕೈ ಬಿಡುವ ಯೋಚನೆ ಮಾಡಿದಾಗಲೇ ಕುಡಗೋಲು ಸೊಂಟದಿಂದ ಜಾರಿ ಕೆಳಗೆ ಬಿತ್ತು. ನಾನು ಕಂಬವನ್ನು ಅಪ್ಪಿಕೊಂಡೆ.

"ಮಾಮಾ, ಸ್ವಲ್ಪ ನಗ್ರಿ!" ಎಂದ ಪ್ರಕಾಶ, ರೂಢಿಯಿಂದ.

"ಕೆಳಗ ಇಳೀರಿ," ಎಂದಳು ವಿಮಲಾ.

"ಇಳೀತೇನಿ."

"ಯಾವಾಗ?"

ನಾನು ಕೆಳಗೆ ನೋಡಬಾರದೆಂದು ಧಾರವಾಡದ ದಿಕ್ಕಿಗೆ ನೋಡುತ್ತಿದ್ದೆ. ಮಲ್ಲು ಟೆಂಪೋದ ಗಾಲಿ ತಿರುಗಿಸಿದಷ್ಟೂ ಅದು ಒಳಗಿಳಿಯಿತು. ಆಗ ಬದುವಿನ ಮೇಲೆ ಯಾರೋ ನಗುವುದು ಕೇಳಿಸಿತು. ಗಂಗಕ್ಕತ್ತಿ! ಸಣ್ಣ ಹುಡುಗಿಯಂತೆ, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಹಿಂಗs! ಹಿಂಗs ಕುಂತಿದ್ರು ನೋಡs ವಿಮ್ಮಿ!"

"ಯಾರತ್ತಿ?"

"ನಿಮ್ಮ ಮಾಮಾರು. ತಂತಿ ಕಡದ್ರು, ಖರೇ. ಇಳ್ಯಾಕ ಬರಲಿಲ್ಲ. ಗೆಳ್ಯಾರಿಗೆಲ್ಲಾ, 'ನೀವು ಓಡ್ರಲೇ, ನಾ ಬರ್ತೇನಿ,' ಅಂದ್ರಂತ. ಎಲ್ಲಿಂದ ಬರ್ತಾರ? ಕಂಬ ಅಪ್ಕೊಂಡು ಕುಂತಾರ! ಪೋಲೀಸರು ಬಂದು ಕೆಳಗ ನಿಂತು, ಇಳೀ ಅಂದ್ರು. ಇವರು ಆಗೂದಿಲ್ಲ ಅಂದ್ರು. ಅವರು ತಿಳಕೊಂಡ್ರು, ಇವ ಭಾಳ ಗಟ್ಟಿ ಮನಶಾ ಅಂತ."

ನಾನು ಮೇಲಿನಿಂದ ಕಿವಿಗೊಟ್ಟು ಕೇಳುತ್ತಿದ್ದೆ. ಬೇರೆ ಕೆಲಸವೂ ಇರಲಿಲ್ಲ.

"ಆಮ್ಯಾಲೆ?" ಎಂದ ಪ್ರಕಾಶ.

"ಊರಾಗ ನಿಚ್ಚಣಿಕಿ ಇದ್ದದ್ದು ನಮ್ಮ ಮನ್ಯಾಗ ಒಂದು. ಪೋಲೀಸರು ಬಂದು ಕೇಳಿದ್ರು. ನಾ ಆಗಷ್ಟ ಲಗ್ನಾಗಿ ಬಂದ ಹುಡುಗಿ. ಅಟ್ಟದಿಂದ ತಗದು ನಾನs ಕೊಟ್ಟೆ. ನಮ್ಮ ಅತ್ತಿ ಬೈದ್ರು, ಗಂಡನ್ನ ಜೇಲಿಗೆ ಕಳಸಾಕ ನಿಚ್ಚಣಿಕಿ ಕೊಟ್ಟೀ ಅಂತ. ನಾ ಅಂದೆ, ಜೇಲಿಗೆ ಹೋಗ್ಲಿ, ಮೊದಲ ಕೆಳಗಂತೂ ಇಳೀಲಿ."

ಅತ್ತಿ ಕಣ್ಣೊರೆಸಿಕೊಂಡು ನನ್ನ ಕಡೆ ಕೊಡೆ ಎತ್ತಿ ತೋರಿಸಿದರು. "ಅವರಿಗೂ ಹಿಂಗs ಧೋತರ ಹಾರತಿತ್ತು. ಲಗೂ ನಿಚ್ಚಣಿಕಿ ತರಸ್ರೋ, ಅಳ್ಯಾರು ನಡಗಾಕತ್ತಾರ."

ರಸ್ತೆಯಾಚೆ ಕಟ್ಟುತ್ತಿದ್ದ ಮನೆಯೊಂದರಿಂದ ಅಲ್ಯೂಮಿನಿಯಂ ನಿಚ್ಚಣಿಕೆ ಬಂತು. ನಲವತ್ತೆರಡರಲ್ಲಿ ಅದು ಬಿದಿರಿನದಾಗಿರುತ್ತಿತ್ತು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ವಿಮಲಾ ಒಂದು ಕಡೆ, ಮಲ್ಲು ಒಂದು ಕಡೆ ಹಿಡಿದುಕೊಂಡರು. ಇಳಿದ ಮೇಲೆ ಅವಲಕ್ಕಿ ಕೊಟ್ಟರು. ಅತ್ತಿಯ ಗಂಡನಿಗೆ ಪೋಲೀಸರು ಅಷ್ಟನ್ನೂ ಕೊಟ್ಟಿರಲಿಕ್ಕಿಲ್ಲ.

ದೇಶಪಾಂಡೆ ನಗರದ ನಮ್ಮ ಮನೆಯಲ್ಲೇ ಗೋಡೆಗೆ ಬಿಳಿ ಹಾಸಿಗೆಯ ಚಾದರ ಕಟ್ಟಿ ಚಿತ್ರ ತೋರಿಸಿದರು. ನೆಂಟರೆಲ್ಲ ಬಂದಿದ್ದರು. ಮಲ್ಲು ಕುದುರೆಯ ಮೇಲೆ ಬಂದ. ಸೇತುವೆ ಹಾರಿತು. ಪಕಳೆ ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಗಕ್ಕತ್ತಿ ಮುಂದೆ ಬಾಗಿ ನೋಡಿ, "ಇವನ್ಯಾರು?" ಎಂದರು.

ಪ್ರಕಾಶನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಕಂಬ ಬಂತು. ಡ್ರೋನಿನಿಂದ ತೆಗೆದದ್ದು, ಹಿಂದಿನಿಂದ, ದೂರದಿಂದ. ಮೋಡದ ಕೆಳಗೆ ಒಬ್ಬ ಮನುಷ್ಯ ಕಂಬವನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದಾನೆ, ಧೋತರ ಹಾರುತ್ತಿದೆ. ನೆಂಟರೆಲ್ಲ ಗೊಳ್ಳೆಂದು ನಕ್ಕರು. ಗಂಗಕ್ಕತ್ತಿ ಈ ಸಲ ನಗಲಿಲ್ಲ. ಮಡಿಲಲ್ಲಿದ್ದ ಕೊಡೆಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇವರs," ಎಂದರು. "ಪ್ರಕಾಶಾ, ಇನ್ನೊಮ್ಮೆ ಹಾಕೋ."

ಪ್ರಕಾಶ ಇನ್ನೊಮ್ಮೆ ಹಾಕಿದ. ಅವರು ಕೇಳಿದಷ್ಟೂ ಸಲ ಹಾಕಿದ. ವಿಮಲಾ ಕತ್ತಲೆಯಲ್ಲಿ ನನ್ನ ಪಕ್ಕ ಬಂದು ಕುಳಿತಳು. ಹೆಮ್ಮೆಯ ಮಾತೊಂದು ಬರಬಹುದೆಂದು ನಾನು ಕಾದೆ.

"ಅವರು ತಂತಿಯಾದ್ರೂ ಕಡದಿದ್ರು," ಎಂದಳು.

ಚಿತ್ರದಲ್ಲಿ ನನ್ನ ಬೆನ್ನು ಮಾತ್ರ ಕಾಣಿಸುತ್ತದೆ. ಟೆಂಪೋವನ್ನು ಮರುದಿನ ಟ್ರ್ಯಾಕ್ಟರ್ ತಂದು ಎಳೆದರು. ಕಂಬ ಇನ್ನೂ ಆ ಹೊಲದಲ್ಲಿದೆ. ತಂತಿಯೂ ಇದೆ.