ಮಣ್ಣಿಗೆ ಹೋಗುವ ಕಾಕಾ

ಗೋಕಾಕದಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮೊದಲು ಅವರ ಮನೆಯವರಿಗೆ ಗೊತ್ತಾಗುತ್ತದೆ, ಆಮೇಲೆ ನಮ್ಮ ಕಾಕಾನಿಗೆ. ಸ್ವಂತ ಬೀಗರಿಗೆ ಫೋನು ಹೋಗುವುದು ಅದರ ನಂತರ! ನಾನು ಹೆಚ್ಚು ಮಾಡಿ ಹೇಳುತ್ತಿದ್ದೇನೆ ಅನ್ನಿಸಿದರೆ ನಮ್ಮ ಓಣಿಯ ತುದಿಗೆ ಹೂವಿನ ಅಂಗಡಿ ಇಟ್ಟವಳನ್ನು ಕೇಳಿ. ಯಾರು ದೊಡ್ಡ ಮಾಲೆ ಒಯ್ದರು, ಯಾವ ಓಣಿಗೆ ಒಯ್ದರು ಎಂಬ ವರದಿ ಅವಳಿಂದ ನೇರವಾಗಿ ಕಾಕಾನಿಗೆ ಮುಟ್ಟುತ್ತದೆ. ಕಾಕಾ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಹಣೆಗೆ ವಿಭೂತಿ ಹಚ್ಚಿ ತಯಾರಾಗಿಬಿಡುತ್ತಾನೆ.

ಶವಸಂಸ್ಕಾರಕ್ಕೆ ಹೋಗುವುದಕ್ಕೆ ನಮ್ಮ ಕಡೆ 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ಮದುವೆಗೆ ಕರೆಯದಿದ್ದರೆ ಹೋಗದೆ ಇರಬಹುದು, ಹೊಲದ ಬದುವಿಗಾಗಿ ಜಗಳಾಡಿ ಮಾತು ಬಿಟ್ಟಿರಬಹುದು, ಮಣ್ಣಿಗೆ ಮಾತ್ರ ಹೋಗಲೇಬೇಕು. ಅದರಲ್ಲಿ ವಿಚಿತ್ರ ಏನೂ ಇಲ್ಲ. ವಿಚಿತ್ರ ಏನೆಂದರೆ, ನಮ್ಮ ಕಾಕಾ ಗುರುತು ಪರಿಚಯ ಇಲ್ಲದವರ ಮಣ್ಣಿಗೂ ಹೋಗುತ್ತಾನೆ. ಅದಕ್ಕಿಂತ ವಿಚಿತ್ರವೆಂದರೆ, ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಯ್ಯುವವನು ನಾನು!

ನಾವು ಗೋಕಾಕದವರಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಕಡೆಯವರು. ನೌಕರಿಯ ಸಲುವಾಗಿ ನಾನು ಮೊದಲು ಹುಕ್ಕೇರಿ, ಆಮೇಲೆ ಮೂಡಲಗಿ ಎಂದು ಗಂಟುಮೂಟೆ ಕಟ್ಟಿಕೊಂಡು ತಿರುಗಿದವನು. ಮಕ್ಕಳಿಲ್ಲದ ಕಾಕಾ, ಕಾಕು ಇಬ್ಬರೂ ನನ್ನ ಜೊತೆಗೇ ಇರುವವರು. ಮೂಡಲಗಿಯಲ್ಲಿ ಆಗಲೇ ನಾಲ್ಕು ಮಂದಿ ನಮ್ಮ ಗುರುತು ಹಿಡಿದು, ಕಂಡರೆ ನಗಲು ಶುರು ಮಾಡಿದ್ದರು. ಅಷ್ಟರಲ್ಲಿ ಕಾಕುವಿನ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದರು ಡಾಕ್ಟರು. ಗೋಕಾಕದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಸಾಹೇಬರ ಕೈಕಾಲು ಹಿಡಿದು ಗೋಕಾಕಕ್ಕೆ ವರ್ಗ ಮಾಡಿಸಿಕೊಂಡೆ.

ಈ ಊರಿನಲ್ಲಿ ಬಾಡಿಗೆ ಮನೆ ಹುಡುಕುವುದೆಂದರೆ ಕನ್ಯೆ ತೋರಿಸುವ ಶಾಸ್ತ್ರವೇ ಸರಿ. ಕನ್ಯೆ ನಾವು! ಮಾಲಕರು ಕುರ್ಚಿಯಲ್ಲಿ ಕೂತು ಕೇಳುತ್ತಾರೆ, ನಾವು ತಲೆ ತಗ್ಗಿಸಿ ನಿಂತು ಹೇಳುತ್ತೇವೆ. ಮನೆಯಲ್ಲಿ ಮಂದಿ ಎಷ್ಟು? ನೀರು ಬಹಳ ಬಳಸುತ್ತೀರಾ? ಬೀಗರು, ನೆಂಟರು ಪದೇ ಪದೇ ಬರುತ್ತಾರಾ? ಬೀಗರ ಬಗ್ಗೆ ಸುಳ್ಳು ಹೇಳಿದೆ. ಗೋಕಾಕದಲ್ಲಿ ಇರುವವರ ಮನೆಗೆ ಬೀಗರು ಬರದೇ ಇರುತ್ತಾರೆಯೇ? ಕಾಕುವನ್ನು ಮಾತಾಡಿಸಲು ಎಂದು ಬರುತ್ತಾರೆ. ಎರಡು ನಿಮಿಷ ಅಯ್ಯೋ ಪಾಪ ಎಂದು, ಚಹಾ ಕುಡಿದು, 'ಫಾಲ್ಸ್ ತೋರಸ್ರಿ' ಎನ್ನುತ್ತಾರೆ. ಹೋಗುವಾಗ ಕರದಂಟು ಕಟ್ಟಿಸಿ ಕೊಡಬೇಕು. ಅದೇ ಫಾಲ್ಸ್ ಅನ್ನು ನೋಡಿ ನೋಡಿ ನನಗೆ ನೀರು ಬೀಳುವುದನ್ನು ಕಂಡರೇ ಸುಸ್ತಾಗುತ್ತದೆ.

ಅಂತೂ ಸಿಕ್ಕಿದ್ದು ಮೂರನೆಯ ಮಹಡಿಯ ಮನೆ. ಲಿಫ್ಟಿಲ್ಲ. ಡಯಾಲಿಸಿಸ್ ದಿನ ಕಾಕು ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಸಿಲಿಂಡರ್ ತರುವವನೇ ನಡುವೆ ಕೂತು ನಮ್ಮನ್ನು ಬಯ್ದು ಮೇಲೆ ಬರುತ್ತಾನೆ. ಸಾಮಾನು ಇಳಿಸಿದ ದಿನ ಓಣಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ನಮ್ಮ ಊರಲ್ಲಾಗಿದ್ದರೆ ಅರ್ಧ ಸಾಮಾನು ಓಣಿಯವರೇ ಒಯ್ದಿಡುತ್ತಿದ್ದರು, ಉಳಿದರ್ಧದಲ್ಲಿ ಏನೇನಿದೆ ಎಂದು ನೋಡುತ್ತಿದ್ದರು. ಇಲ್ಲಿ ಎದುರು ಮನೆಯ ಬಾಗಿಲು ಇಷ್ಟೇ ಇಷ್ಟು ತೆರೆಯಿತು, ಒಂದು ಕೈ ಬಂದು ಹಾಲಿನ ಪಾಕೀಟು ಎತ್ತಿಕೊಂಡಿತು, ಬಾಗಿಲು ಮುಚ್ಚಿತು.

ಕಾಕಾ ನಡು ಓಣಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಮೇಲಿನ ಮನೆಯನ್ನು ನೋಡಿದ, ಮೆಟ್ಟಿಲು ನೋಡಿದ, ಮುಚ್ಚಿದ ಬಾಗಿಲುಗಳನ್ನು ನೋಡಿದ.

"ತಮ್ಮಾ, ನಿಮ್ಮ ಕಾಕುಗ ಏನರ ಹೆಚ್ಚುಕಡಿಮಿ ಆದ್ರ ಇಲ್ಲಿ ಹೆಗಲ ಕೊಡಾಕ ಯಾರ್ ಬರ್ತಾರೋ?"

"ಸಾಮಾನಾ ಇನ್ನ ಮ್ಯಾಲ ಏರಿಲ್ಲ, ಬಾಯಾಗ ಇಂಥಾ ಮಾತ ಯಾಕ ಕಾಕಾ?" ಎಂದು ಗದರಿಸಿದೆ.

"ಸಾಮಾನಾ ಏರಿಸಾಕ ರೊಕ್ಕಾ ಕೊಟ್ರ ಹಮಾಲ್ರು ಬರ್ತಾರ. ಅದಕ್ಕ ಬರೂದಿಲ್ಲೋ," ಎಂದ ಕಾಕಾ. ಅಂದಿನಿಂದ ಅವನ ತಲೆಯಲ್ಲಿ ಹೊಕ್ಕ ಹುಳ ಇದೊಂದೇ.

ಆ ವಾರವೇ ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರು ಹೋದರು. ಕಾಕಾ ತಯಾರಾಗಿ ನನ್ನ ಮುಂದೆ ನಿಂತ.

"ಕಾಕಾ, ಸತ್ತಾವ್ರು ಯಾರಂತ ನಿನಗ ಗುರ್ತ ಐತೇನು?"

"ಸತ್ತಾವ್ರ ಗುರ್ತ ಕಟಗೊಂಡ ನಾ ಏನ್ ಮಾಡ್ಲೋ? ಇದ್ದವ್ರ ಗುರ್ತ ಮಾಡ್ಕೊಳ್ಳಾಕ ಹೋಗೂದು!"

ಬೈಕ್ ತೆಗೆದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ, ಅದಕ್ಕೆ ಬಿದಿರಿನಲ್ಲಿ ವಿಮಾನ ಕಟ್ಟಬೇಕು. ಕಾಕಾ ಹೋದವನೇ ತೋಳು ಮಡಚಿ ಕಟ್ಟಲು ಕೂತ. ಮನೆಯವರು ಅವನನ್ನು ಸತ್ತವರ ಊರ ಕಡೆಯ ನೆಂಟ ಎಂದುಕೊಂಡರು, ನೆಂಟರು ಅವನನ್ನು ಓಣಿಯ ಹಿರಿಯ ಎಂದುಕೊಂಡರು. ಸಂಜೆ ಹೊತ್ತಿಗೆ ಅಲ್ಲಿನ ಹುಡುಗರಿಗೆ ಅವನು 'ಹಗ್ಗ ಹಿಂಗಲ್ಲಲೇ' ಎಂದು ಬೈಯುವಷ್ಟು ಹತ್ತಿರದವನಾಗಿದ್ದ.

ಆಮೇಲೆ ಶುರುವಾಯಿತು ನೋಡಿ. ಆ ಓಣಿ, ಈ ಓಣಿ, ನದಿಯ ಕಡೆ, ಗುಡ್ಡದ ಕಡೆ. ಜಾತಿ ಧರ್ಮ ಕೇಳುವವನಲ್ಲ. ಮುಸ್ಲಿಮರ ಜನಾಜಾಕ್ಕೂ ಹೆಗಲು ಕೊಟ್ಟ, ಬುದ್ಧನ ಫೋಟೊ ಇಟ್ಟ ಮನೆಯಲ್ಲಿ ಮೇಣದಬತ್ತಿ ಹಿಡಿದು ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತ. ಎಲ್ಲ ಕಡೆಯಿಂದ ಹೊರಡುವಾಗ ತಪ್ಪದೆ ಹೇಳುತ್ತಿದ್ದ: "ನಾವು ಹೂವಿನ ಅಂಗಡಿ ಓಣ್ಯಾಗ ಇರ್ತೇವ್ರಿ. ಮೂರನೇ ಮಜಲಿ. ನೆನಪ ಇಡ್ರಿ."

ಸತ್ತ ಮನೆಯಲ್ಲಿ ಹೀಗೆ ವಿಳಾಸ ಹೇಳುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಅಲ್ಲಿ ನಿಲ್ಲಲಾರದೆ ಬೈಕಿನ ಕಿಕ್ ಹೊಡೆಯುತ್ತಾ ಇರುತ್ತಿದ್ದೆ. ಅದು ಸೆಲ್ಫ್ ಸ್ಟಾರ್ಟಿನ ಬೈಕು!

ಕಚೇರಿಯಲ್ಲಿ ನನ್ನ ಮರ್ಯಾದೆ ಹೋಯಿತು. ಅರ್ಧ ದಿನ ರಜೆ ಕೇಳಲು ಹೋದರೆ ಸಾಹೇಬರು ತಲೆಯೆತ್ತದೆ ಕೇಳುತ್ತಿದ್ದರು, "ಇವತ್ತ ಯಾರ್ರಿ?"

"ಕಾಕಾನ ಗುರ್ತಿನವ್ರು ಸರ್."

"ನಿಮ್ಮ ಕಾಕಾನ ಗುರ್ತಿನವ್ರು ಒಬ್ರೂ ಉಳಿಯೂದಿಲ್ಲೇನ್ರಿ? ನನ್ನ ಗುರ್ತ ಮಾಡಸಬ್ಯಾಡ್ರಿ ಮತ್ತ!"

ಹಣೆಬರಹ ನೋಡಿ, ಒಂದು ದಿನ ಕಾಕಾ ಊಟದ ಡಬ್ಬಿ ಕೊಡಲು ಕಚೇರಿಗೇ ಬಂದ. ಸಾಹೇಬರನ್ನು ಕಂಡು ಪ್ರೀತಿಯಿಂದ ಕೈ ಹಿಡಿದು, "ಆರಾಮ ಅದೀರೇನ್ರಿ ಸಾಹೇಬ್ರ? ಮುಖಾ ಯಾಕೋ ಇಳದೈತಿ" ಎಂದ. ಸಾಹೇಬರು ಆ ಸಂಜೆ ಬಿಪಿ, ಶುಗರ್ ಎರಡೂ ತಪಾಸಣೆ ಮಾಡಿಸಿಕೊಂಡರು.

ಇತ್ತ ಮನೆಯಲ್ಲಿ ನೀರಿನ ಜಗಳ. ಮಣ್ಣಿಗೆ ಹೋಗಿ ಬಂದವರು ಜಳಕ ಮಾಡದೆ ಒಳಗೆ ಬರುವಂತಿಲ್ಲ. ಊರ ಬಾಜೂ ಘಟಪ್ರಭೆ ಹರಿಯುತ್ತಾಳೆ, ಧುಪದಾಳದ ಅಣೆಕಟ್ಟಿನಲ್ಲಿ ಕಣ್ಣು ಹಾಯುವವರೆಗೂ ನೀರು ನಿಂತಿರುತ್ತದೆ, ನಮ್ಮ ಟ್ಯಾಂಕಿನ ತಳ ಮಾತ್ರ ಒಣಗಿರುತ್ತದೆ. ನನ್ನ ಹೆಂಡತಿ ಕೊಡ ಕುಕ್ಕಿ ಹೇಳಿದಳು, "ಸತ್ತಾವ್ರು ಪಾಪ ಒಮ್ಮೆ ಜಳಕಾ ಮಾಡಿಸ್ಕೊಂಡ ಹೋಗಿಬಿಡ್ತಾರ. ನೀವಿಬ್ರೂ ವಾರಕ್ಕ ಎಷ್ಟ ಸಲಾ ಮಾಡ್ತೀರಿ?"

ಅವಳನ್ನು ಏನೆನ್ನಲಿ? ಅವಳೂ ದಣಿದಿದ್ದಾಳೆ. ಈ ಊರು ಬಿಟ್ಟು ಯಾವಾಗ ಹೋಗೋಣ ಎಂದು ಕೇಳುತ್ತಾಳೆ. ನನಗೂ ಬೇಸತ್ತಿದೆ. ಬಂಡೆಗಲ್ಲಿನ ಗುಡ್ಡದ ಬಿಸಿ, ಮೂರು ಮಹಡಿಯ ಏರಿಳಿತ, ಆಸ್ಪತ್ರೆಯ ಪಾಳಿ, ಯಾರೂ ಹೆಸರು ಹಿಡಿದು ಕರೆಯದ ಓಣಿ. ಆದರೆ ಯಾವಾಗ ಹೋಗೋಣ ಎಂಬುದಕ್ಕೆ ಉತ್ತರ ಹೇಳಬೇಕೆಂದರೆ ಕಾಕು ಇನ್ನೆಷ್ಟು ದಿನ ಎಂಬುದನ್ನು ಹೇಳಬೇಕು. ಅದು ಬಾಯಿಂದ ಹೊರಡುವ ಮಾತೇ? ಖಾಲಿ ಕೊಡ ಎತ್ತಿಕೊಂಡು ಕೆಳಗೆ ಇಳಿಯುತ್ತೇನೆ.

ಕಾಕುವಿಗೆ ಎಲ್ಲವೂ ಗೊತ್ತು. ಅವಳು ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತು, ಗಂಡ ಬಂದೊಡನೆ ಕೇಳುತ್ತಿದ್ದಳು, "ಮಣ್ಣ ಹೆಂಗಾತು?"

"ಚಲೋ ಆತು. ಭಾಳ ಮಂದಿ ಕೂಡಿತ್ತು."

"ನನ್ನ ಪಾಳಿಗೆ ಎಷ್ಟ ಮಂದಿ ಆದ್ರು ಇಲ್ಲೀತನಕಾ?"

"ಸುಮ್ನ ಕುಂದ್ರ! ನಿನ್ನ ಪಾಳಿ ಯಾಂವ ಕೇಳ್ಯಾನ?" ಎಂದು ಕಾಕಾ ರೇಗಿ ಜಳಕಕ್ಕೆ ಹೋಗುತ್ತಿದ್ದ. ಕಾಕು ನನ್ನ ಕಡೆ ನೋಡಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಕುಬಸದ ಪ್ರಸಂಗ ಹೇಳದಿದ್ದರೆ ಕಾಕಾನಿಗೆ ಅನ್ಯಾಯವಾಗುತ್ತದೆ. ಪಟ್ಟಣದಲ್ಲಿ ಸಾವಿಗೂ ಅದೇ ಶಾಮಿಯಾನ, ಅದೇ ಪ್ಲಾಸ್ಟಿಕ್ ಕುರ್ಚಿ, ಸಂಭ್ರಮಕ್ಕೂ ಅದೇ. ಒಂದು ಮಧ್ಯಾಹ್ನ ಹೂವಿನವಳು ದೊಡ್ಡ ಮಾಲೆ ಹೋಯಿತು ಎಂದದ್ದೇ ತಡ, ಕಾಕಾ ತಾನೂ ಒಂದು ಮಾಲೆ ಹಿಡಿದು ಹೊರಟ. ಓಣಿಯಲ್ಲಿ ಶಾಮಿಯಾನ ಹಾಕಿತ್ತು. ಗಂಡಸರು ಮಾತಿಲ್ಲದೆ ಕೂತಿದ್ದರು. ಊಟ ತಡವಾಗಿ ಹಸಿದು ಕೂತಿದ್ದರು ಎಂಬುದು ನಮಗೇನು ಗೊತ್ತು? ಕಾಕಾ ಮುಂದಿನ ಕುರ್ಚಿಯಲ್ಲಿದ್ದ ಅಜ್ಜನ ಹೆಗಲ ಮೇಲೆ ಕೈಯಿಟ್ಟ.

"ಸಮಾಧಾನ ಮಾಡ್ಕೋರಿ. ದೇವ್ರ ಇಚ್ಛಾ. ನಮ್ಮ ಕೈಯಾಗ ಏನೈತಿ?"

ಅಜ್ಜ ಕಣ್ಣು ಪಿಳುಕಿಸಿ, "ಮೊಮ್ಮಗನ ಹೇಣ್ತಿ ಬಸರಿ ಅದಾಳ್ರಿ. ಇವತ್ತ ಕುಬಸಾ" ಎಂದ.

ನಾನು ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ. ಕಾಕಾ ಒಂದು ಕ್ಷಣವೂ ತಡವರಿಸಲಿಲ್ಲ! "ಹೌದಲ್ರಿ, ಸೊಸಿ ತವರಮನಿಗೆ ಹ್ವಾದ್ರ ಮನಿ ಬಣಬಣ ಅನ್ನತೈತಿ. ಅದಕ್ಕ ಸಮಾಧಾನ ಹೇಳಿದೆ" ಎನ್ನುತ್ತಾ, ಕೈಯಲ್ಲಿದ್ದ ಮಾಲೆಯನ್ನು ಮುತ್ತಜ್ಜನಾಗಲಿದ್ದ ಅಜ್ಜನ ಕೊರಳಿಗೇ ಹಾಕಿ ಸತ್ಕಾರ ಮಾಡಿಬಿಟ್ಟ. ಮಂದಿ ಚಪ್ಪಾಳೆ ತಟ್ಟಿದರು. ನಮ್ಮಿಬ್ಬರಿಗೆ ಕೈ ಹಿಡಿದು ಎಳೆದು ಹೋಳಿಗೆ ಊಟ ಮಾಡಿಸಿದರು. ಕಾಕಾ ವಿಳಾಸ ಹೇಳುವುದನ್ನು ಅಲ್ಲಿಯೂ ಮರೆಯಲಿಲ್ಲ.

"ನೋಡು, ಇನ್ನೊಂದ ಮನಿ ಗುರ್ತ ಆತು," ಎಂದ ಬರುವಾಗ, ಬೈಕಿನ ಹಿಂದೆ ತೇಗುತ್ತಾ.

ಮೊನ್ನೆ ಮೊನ್ನೆಯ ಮಾತು. ಮಧ್ಯಾಹ್ನ ಕಚೇರಿಯಲ್ಲಿದ್ದೆ. ಮನೆ ಮಾಲಕರ ಫೋನು. "ಲಗೂನ ಬರ್ರಿ" ಎಂದರು, ಇಟ್ಟರು. ಹೆಂಡತಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು, ಏನೂ ಕೇಳದೆ, ಹೋಗಿ ಬನ್ನಿ ಎಂದು ಕೈ ಮಾಡಿದರು.

ಓಣಿ ತಿರುಗಿದರೆ ನಮ್ಮ ಮನೆ ಮುಂದೆ ಮಂದಿಯೋ ಮಂದಿ. ಕಾಕಾನ ಜೊತೆ ಎಷ್ಟೋ ಮನೆಗಳ ಮುಂದೆ ಇಂಥದೇ ಗುಂಪು ಕಂಡಿದ್ದೆನಲ್ಲ, ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೂವಿನವಳು ಅಂಗಡಿ ಬಿಟ್ಟು ಬಂದಿದ್ದಳು. ಕುಬಸದ ಅಜ್ಜ ಕೋಲೂರಿ ನಿಂತಿದ್ದ. ಹಾಲಿನ ಪಾಕೀಟಿನ ಎದುರು ಮನೆಯವರು ಪೂರ್ತಿ ಬಾಗಿಲು ತೆರೆದು ಹೊರಗಿದ್ದರು. ಎಲ್ಲರೂ ನಮ್ಮ ಮೆಟ್ಟಿಲಿನ ಕಡೆಗೇ ನೋಡುತ್ತಿದ್ದರು. ಬೈಕನ್ನು ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿದೆ. ಅಯ್ಯೋ, ಹೋಗಿಬಿಟ್ಟಳಲ್ಲ ಕಾಕು, ಕೊನೆಗೊಂದು ಮಾತೂ ಆಡಿಸಲಾಗಲಿಲ್ಲವಲ್ಲ ಎಂದು ಅಲ್ಲೇ ಅಳಲು ಶುರು ಮಾಡಿದ್ದೆ.

ಅಷ್ಟರಲ್ಲಿ ಮೆಟ್ಟಿಲ ಒಳಗಿನಿಂದ ದನಿ ಬಂತು. "ಸಾವಕಾಶರೋ! ನನ್ನ ಮೊಣಕೈ ಗ್ವಾಡಿಗೆ ಬಡೀತು!"

ಕಾಕುವಿನ ದನಿ!

ಉಸಿರು ಕಟ್ಟಿ ಅವಳಿಗೆ ಏಳಲೂ ಆಗಿರಲಿಲ್ಲವಂತೆ. ಕಾಕಾ ಮೆಟ್ಟಿಲ ತುದಿಗೆ ನಿಂತು, "ಯಾರರ ಬರ್ರೆಪಾ!" ಎಂದು ಕೂಗಿದ್ದನಂತೆ, ಅಷ್ಟೆ. ಹಿಂದಿನ ಓಣಿಯ ಹುಡುಗರು, ಮೇಣದಬತ್ತಿಯ ಮನೆಯವರು, ಜನಾಜಾದ ಮನೆಯ ಅಣ್ಣತಮ್ಮಂದಿರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಬಟ್ಟೆಯಿಂದ ಬಿಗಿದು, ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾ ಇಳಿಸಿದ್ದರು. ನನ್ನ ಹೆಂಡತಿ ಆಗಲೇ ಓಡಿಹೋಗಿ ಆಟೊ ತಂದು ನಿಲ್ಲಿಸಿದ್ದಳು. ಕಾಕು ಏದುಸಿರಿನಲ್ಲೇ ನನ್ನನ್ನು ನೋಡಿ, "ನಿಮ್ಮ ಕಾಕಾನ ಅವಸರ ನೋಡೋ, ಜೀವ ಇರೂವಾಗ ಹೊರಸ್ಯಾನ" ಎಂದಳು. ಹೊತ್ತವರೂ ನಕ್ಕರು. ನಾನು ಕಣ್ಣೊರೆಸಿಕೊಂಡೆ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಕಾಕಾ ಅವಳ ಚಪ್ಪಲಿ ಹಿಡಿದುಕೊಂಡು ಕೂತ. ಓಣಿಯವರು ಅರ್ಧಕ್ಕರ್ಧ ಅಲ್ಲೇ ನಿಂತಿದ್ದರು, ಯಾರೋ ಚಹಾ ತಂದು ಹಂಚುತ್ತಿದ್ದರು. ಇನ್ನು ಕಾಕಾನ ಜಂಬ ಕೇಳಬೇಕಲ್ಲಪ್ಪ, ನೋಡಿದ್ಯಾ ನನ್ನ ಮಂದಿ ಎನ್ನುತ್ತಾನೆ ಎಂದುಕೊಂಡು ಬಾಜೂ ಕೂತೆ. ನೋಡಿದರೆ, ಅಷ್ಟು ಮನೆಗಳಿಗೆ ಹೋಗಿ ಅಷ್ಟು ಮಂದಿಗೆ ಸಮಾಧಾನ ಹೇಳಿದವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ನೀ ಒಳಗ ಹೋಗಿ ಆಕಿಗೊಂದ ಮಾತ ಹೇಳೋ ತಮ್ಮಾ. ನಾ ಹೇಳಾಕ ಹ್ವಾದ್ರ ಅಳು ಬರತೈತಿ."

"ಏನಂತ ಹೇಳ್ಲಿ ಕಾಕಾ?"

"ಇಷ್ಟ ಲಗೂ ಹೋಗಬ್ಯಾಡ ಅನ್ನು," ಎಂದ ಕಾಕಾ. "ಈಗರ ಮಂದಿ ಗುರ್ತ ಆಗ್ಯಾರ. ಇನ್ನೊಂದಿಷ್ಟ ದಿನಾ ಇಲ್ಲೇ ಇರೂಣಂತ ಹೇಳು."